ಬೆಟಗೇರಿಯ ಉಪ್ಪುನೀರು

ಹನ್ನೆರಡು ದಿನಕ್ಕೊಮ್ಮೆ ನಳ ಬರೋ ಓಣಿಯೊಳಗ
ನಾನೊಂದು ಸಮುದ್ರ ಸಾಕೇನಿ.
ನಾಲ್ಕು ಫೂಟು ಉದ್ದ, ಒಂದೂವರೆ ಅಗಲ,
ಚಿಗವ್ವನ ಹಿಟ್ಟಿನ ಗಿರಣಿಯ ಹಿಂದಿನ ಖೋಲಿ,
ಜ್ವಾಳದ ಚೀಲದ ಮಗ್ಗಲಕ.

ನಮ್ಮ ಬೋರಿನ ನೀರು ಹಂಗ ಹಾಕಾಂಗಿಲ್ಲ.
ಮೂರು ತಲಿಮಾರಿನ ಹಲ್ಲು ಹಳದಿ ಮಾಡಿದ ನೀರು.
ಫಿಲ್ಟರಿಗೆ ಕೊಟ್ಟು, ಇದ್ದದ್ದೆಲ್ಲ ಸೋಸಿ,
ಬರೇ ನೀರು ಮಾಡಿ
ಅದಕ್ಕ ಮತ್ತ ಉಪ್ಪು ಕಲಸಬೇಕು.
ಒಂದು ಕೊಡ ಉಳದ್ರ ಮೂರು ಕೊಡ ಹೊರಗ.
ಆ ಮೂರರಾಗ ಚಿಗವ್ವ ಗಿರಣಿ ಕಟ್ಟಿ ತೊಳಿತಾಳ,
ತೊಳದಾದ ಮ್ಯಾಲೆ ಬೈತಾಳ:
“ಉಪ್ಪು ತಗಿಯೂದು, ಮತ್ತ ಉಪ್ಪು ಹಾಕೂದು.
ನಿನಗ ಬ್ಯಾರೆ ದಗದ ಇಲ್ಲೇನೊ ಕಳಕಪ್ಪಾ?”

ಥರ್ಮಾಕೋಲ್ ಡಬ್ಬಿಯೊಳಗ ಮುಂಬೈದಿಂದ ಬಂದವು,
ಕ್ಲೌನ್ ಮೀನು ಎರಡು.
ಕಿತ್ತಳಿ ಮೈಗೆ ಮೂರು ಪಟ್ಟಿ ಬಿಳುಪು.
“ವಿಭೂತಿ ಹಚ್ಚ್ಯಾವು” ಅಂದಳು ಚಿಗವ್ವ,
ಅಂದಿನಿಂದ ಅವುಕ್ಕ ಬೈಯೂದು ಬಿಟ್ಟಳು,
ನನಗ ಬಿಡಲಿಲ್ಲ.

ಆಮ್ಯಾಲೆ ಬಂತು ಅನಿಮೋನಿ.
ಹೂವು ಅನ್ನಾಕ ಬರಂಗಿಲ್ಲ, ಹೊಟ್ಟಿ ಐತಿ.
ಪ್ರಾಣಿ ಅನ್ನಾಕ ಮುಖ ಎಲ್ಲೈತಿ?
ಬೆರಳು ನೂರು, ತುದಿಗೊಂದೊಂದು ಗುಳ್ಳಿ,
ಮುಟ್ಟಿದ್ದಕ್ಕೆಲ್ಲ ವಿಷದ ಸೂಜಿ.
ಈಗ ಹೋಗಿ ಸೇರತಾವ, ಈಗ ಸೇರತಾವ ಅಂತ
ನಾ ಚಹಾ ತಣ್ಣಗಾಗೂ ತನಕ ಕುಂತೆ.
ಹೋಗಲಿಲ್ಲ.
ಹೀಟರಿನ ಮೂಲಿಗೆ ಮೈ ಹಚ್ಚಿ ಮಲಗಿದವು
ಐದು ತಿಂಗಳು.

ಅದಾದರೂ ನಿಂತಲ್ಲಿ ನಿಂತಿತ್ತೇನು?
ಗಿರಣಿ ಶುರು ಆದ್ರ ಗ್ವಾಡಿ ನಡಗತೈತಿ,
ಲೈಟು ಕುಗ್ಗತೈತಿ, ನೀರಿನ ಮ್ಯಾಲೆ ಹಿಟ್ಟಿನ ಕೆನಿ.
ಕಾಲಿಲ್ಲದ್ದು ರಾತ್ರಿಯೆಲ್ಲ ನಡದು
ಒಂದು ದಿನ ಕಲ್ಲಿನ ಹಿಂದ, ಒಂದು ದಿನ ಕಾಜಿಗೆ,
ಒಂದು ದಿನ ಪಂಪಿನ ಬಾಯಿಗೇ ಹೋಗಿತ್ತು.
ಚಿಗವ್ವನ ಹರಕ ಸಾಣಿಗಿ ಕತ್ತರಿಸಿ
ಪಂಪಿಗೆ ಕುಲಾಯಿ ಕಟ್ಟಿದೆ.

ಶ್ರಾವಣದಾಗ ಗಿರಣಿ ಮೋಟರು ಸುಟ್ಟಿತು.
ಮೂರು ದಿನ ಓಣಿಗೆ ಓಣಿಯೇ ಗಪ್ಪು.
ಮೂರನೇ ದಿನ ಅನಿಮೋನಿ
ಅಂಗೈ ಅಗಲಿಸಿದಂಗ ಅರಳಿತು.
ದೊಡ್ಡ ಮೀನು ಬಾಲ ತಾಗಿಸಿ ಜಿಗಿದು ಹಿಂದ ಬಂತು,
ಮತ್ತ ಹೋತು, ಹೊಟ್ಟಿ ಒರಸಿತು,
ಮತ್ತ ಹೋಗಿ ಒಳಗ ಮುಳುಗಿತು.
ಸಣ್ಣದು ಹೊರಗೇ ನಿಂತು ನೋಡಿತ್ತು
ಚಂಜಿತನಕ.

ಛಟ್ಟಿ ಮುಂಚಿನ ರಾತ್ರಿ ಮುಚ್ಚಳ ಹಾಕೂದು ಮರತೆ.
ಮುಂಜಾನೆ ಚಿಗವ್ವ ಕಸಾ ಹೊಡದಾಕಿ
ಚೀಲದ ಹಿಂದ ಒಂದು ಮಾರು ಜಾಗಾ ಬಿಟ್ಟು ಹೊಡದಿದ್ದಳು.
ಅಲ್ಲಿ ಬಿದ್ದಿತ್ತು ದೊಡ್ಡದು,
ಹಿಟ್ಟು ಹತ್ತಿ, ಪಟ್ಟಿ ಯಾವುದು ಮೈ ಯಾವುದು ಗೊತ್ತಾಗದಂಗ.

“ಇದು ಹೆಣ್ಣು” ಅಂದೆ. “ಉಳದದ್ದು ಗಂಡು.
ಇನ್ನ ಅದು ಹೆಣ್ಣಾಗತೈತಿ, ಮನಿ ಯಜಮಾನಿ.
ಅವುಗಳ ಜಾತಿ ಹಂಗ.”
ಚಿಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.
ಅಂದಾನಪ್ಪ ಕಾಕಾ ಹೋದ ಮ್ಯಾಲೆ
ಬೀಸುಗಲ್ಲು ತಾನೇ ಇಳಿಸಿ, ತಾನೇ ಕಟದಾಕಿ.
“ನನಗ ಗಂಡಸಾಗಿ ನಿಂತಳು ಅಂದ್ರು.
ಇಲ್ಲಿ ಉಲ್ಟಾ ಏನು?”
ಆಮ್ಯಾಲೆ ಕಾಜಿನ ಹತ್ತರ ಬಂದು ಕೇಳಿದಳು:
“ಎಷ್ಟು ದಿನಾ ಹಿಡಿತೈತಿ?”
“ತಿಂಗಳುಗಟ್ಟಲೆ, ಚಿಗವ್ವ. ಸಾವಕಾಶ.”
“ಹಂಗಾದ್ರ ಪಾಡ.
ನನಗ ಹನ್ನೆರಡನೇ ದಿನಕ್ಕ
ಡಬ್ಬಿ ಪಾಳಿ ಹಚ್ಚಿದ್ರು.”

ಈಗ ಅದು ಮೊದಲಿನಕಿಂತ ದಪ್ಪ ಆಗೇತಿ.
ಹೊಸಾದೊಂದು ಸಣ್ಣದು ತಂದು ಬಿಟ್ಟೇನಿ,
ದೊಡ್ಡದು ಎದರಿಗೆ ಬಂದ್ರ
ಮೈ ವಾಲಿಸಿ ಗಡಗಡ ನಡಗಿ ತೋರಸತೈತಿ.
ಕರೆಂಟು ಹೋದ ರಾತ್ರಿ
ನಾನೊಂದು ತಾಸು, ಚಿಗವ್ವ ಒಂದು ತಾಸು,
ಚರಿಗಿಲೆ ನೀರು ಎತ್ತಿ ಎತ್ತಿ ಸುರವತೇವಿ,
ಗಾಳಿ ಸೇರಲಿ ಅಂತ.

ದಿನಾ ಮಧ್ಯಾಹ್ನ ಎರಡಕ್ಕ ಅರ್ಧಾ ತಾಸು
ಗಿರಣಿ ಬಂದ್ ಮಾಡತಾಳ.
ಡಬ್ಬಿ ಹಿಡಕೊಂಡು ನಿಂತವರಿಗೆ
“ಬೆಲ್ಟು ಕಾಯತೈತಿ” ಅಂತಾಳ.
ಹತ್ತು ವರ್ಷ ಕಾಯದ ಬೆಲ್ಟು.