ಹಾಲುಮಡ್ಡಿ

ಬ್ಯಾಡಗಿಯೊಳಗ ಅತ್ತರ ಮಾರೂದಂದ್ರ
ಸಂತಿ ನಡುವ ನಿಂತು ಪಿಸುಮಾತು ಆಡಿಧಂಗ,
ಅಬ್ಬಾ ಹೇಳತಿದ್ದ, ಮೂಗು ಒರಸಿಕೋತ.
ಜನವರಿ ಬಂತಂದ್ರ ಯಾರ್ಡಿನ ತುಂಬ ಕೆಂಪು ಗುಡ್ಡ,
ಊರಿಗೆ ಊರೇ ಸೀನತೈತಿ,
ದವಾಖಾನಿ, ಬ್ಯಾಂಕು, ಮಸೂತಿ, ಮಠ.
ನಮ್ಮ ಗಾಜಿನ ಬುಡ್ಡಿಗಳೂ
ಬಿರಡಿ ಹಾರಿಸಿ ಸೀನಿದರ ಸೋಜಿಗಿಲ್ಲ.

ಅಂಥಾದ್ರಾಗ ಫಕ್ಕೀರವ್ವ ಬಂದಳು.
ತೊಟ್ಟು ಬಿಡಿಸೂ ಕೈ. ಉಗುರಿನ ಸಂದಿಗೆ ಹರಳೆಣ್ಣಿ.
ನಮ್ಮ ಕಾಯಿ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತಾರ ಹೊರಗಿನವರು;
ಆ ಕೈನ ಕೇಳ್ರಿ.
"ಮಗಳ ಅಕ್ಕಿಕಾಳು ಬರೂ ಸೋಮವಾರ.
ನನ್ನ ಕೈ ಮಕದ ಹತ್ರ ಒಯ್ದರ ಸಾಕು, ಹುಡುಗಿ ಅಳತಾಳ.
ಮಂದಿ ತಿಳಕೊಂತಾರ, ಅವ್ವನ ಬಿಟ್ಟು ಹೋಗೂ ದುಃಖ ಅಂತ.
ಏನಾರ ಕೊಡವಾ, ಖಾರ ಮುಚ್ಚೂವಂಥಾದ್ದು."

ಮಲ್ಲಿಗಿ ಕೊಟ್ಟೆ. ತಾಸಿನ್ಯಾಗ ಹಾರಿಹೋತು.
ಕ್ಯಾದಗಿ ಕೊಟ್ಟೆ. ಜಗಳಕ್ಕ ನಿಂತು ಸೋತು ಬಂತು.

ಆಮ್ಯಾಲೆ ಅಬ್ಬಾನ ತಗಡಿನ ಡಬ್ಬಿ ತಗದೆ.
ಹಾಲುಮಡ್ಡಿ. ಬೂದಿ ಬಣ್ಣದ ಜಿಗಟು,
ಬೆರಳು ಹಿಡದರ ಬಿಡದ ಕೂಸಿನಂಥಾದ್ದು.
ಘಟ್ಟದ ಯಾವುದೋ ಮರಕ್ಕ ಕೊಡಲಿ ಬಿದ್ದು
ತನ್ನ ಗಾಯ ತಾನ ಮುಚ್ಚಿಕೊಳ್ಳಾಕ ಅದು ಸುರಿಸಿದ್ದು;
ಆ ಮುಲಾಮು ಕದ್ದು ನಾವು ಅತ್ತರ ಅಂತೀವಿ.
ಹಡಗು ಹತ್ತಿ ಬಂದ ಲೋಬಾನದ್ದೂ ಅದ ಕತಿ:
ಕಂದು ಹೆಂಟಿಯೊಳಗ ಬಾದಾಮಿಯಂಥಾ ಬಿಳಿ ಕಣ್ಣು,
ಕುಟ್ಟಿದರ ಗಿಣ್ಣದ ಸಿಹಿ.

ಗಂಧದೆಣ್ಣಿ ಬಿಸಿನೀರಿನ ಬೋಗುಣಿಯೊಳಗ ಕುಂದ್ರಿಸಿ
ಮಡ್ಡಿ ಕರಗಲಿ ಅಂತ ಕಾದೆ.
ಅವಸರ ಮಾಡಿದರ ಕಾಳುಗಟ್ಟತೈತಿ.
ಅದಕ್ಕ ಸ್ವಂತ ಗತ್ತಿಲ್ಲ. ಮಾತು ಹೂವಿಂದು;
ಇದು ಬರೇ ಬಾಗಲಾ ಹಿಡಕೊಂಡು ನಿಂದರತೈತಿ,
"ಕುಂದರ ತಂಗಿ, ಈಗರ ಬಂದಿ" ಅಂತೈತಿ.
ಮಲ್ಲಿಗಿ ಕುಂತಿತು.

ಫಕ್ಕೀರವ್ವನ ಅಂಗೈಗೆ ಒಂದು ಗೀರು ಎಳದೆ.
ಇಬ್ಬರೂ ಬಗ್ಗಿ ಮೂಸಿದ್ವಿ.
ಖಾರ ಹೋಗಿರಲಿಲ್ಲ.
ಒಲಿ ಆರಿದ ಮ್ಯಾಲಿನ ಅಡಗಿಮನಿಯಂಗ ಮೆತ್ತಗಾಗಿತ್ತು,
ಕೆಂಪು, ಸಿಹಿ, ಒಂದೀಟ ಹೊಗಿ.
"ಮಡ್ಡಿಗೆ ಭೇದ ಗೊತ್ತಿಲ್ಲಬೇ," ಅಂದೆ,
"ಖಾರನೂ ಕುಂದ್ರಿಸಿಕೊಂಡಬಿಟ್ಟೈತಿ."
ಆಕಿ ಮಾತಾಡಲಿಲ್ಲ. ರೊಕ್ಕ ಎಣಿಸಿದಳು. ಮೂವತ್ತು ಕಮ್ಮಿ.

ಮಂಗಳವಾರ ಬಾಕಿ ಕೊಡಾಕ ಬಂದಳು.
ಹುಡುಗಿ ಅತ್ತಳೇನಬೇ?
"ಅತ್ತಳು. ಖಾರಕ್ಕೋ, ಯಾತಕ್ಕೋ.
ಬುಡ್ಡಿ ತಾನ ಒಯ್ದಾಳ."
ಅಂಗೈ ಮೂಗಿಗೆ ಹಿಡಕೊಂಡು ಒಂದು ಗಳಿಗಿ ನಿಂತಳು.
ಆಮ್ಯಾಲೆ ಸೀನಿದಳು.