ಸೀಮಿಸುಣ್ಣ

ಕಾರಟಗಿಯೊಳಗ, ಸಿಂಧನೂರು ರೋಡಿಗೆ,
ಅಕ್ಕಿ ಮಿಲ್ಲುಗಳ ಸಾಲು ಮುಗಿಯೋ ಕಡೆ
ನನ್ನ ಅಂಗಡಿ. ಬೋರ್ಡಿಲ್ಲ. ಕಿಡಿ ಕಂಡಲ್ಲಿ ನಿಲ್ತಾರ.

ಪಂಪಾಪತಿ ಬೆಳಿಗ್ಗೆ ಎಂಟಕ್ಕ ಬಂದ,
ಗಾಡಿ ರಿವರ್ಸ್ ತಗೊಂಡು ನನ್ನ ಕಾಲತನಕ ತಂದು ನಿಲ್ಲಿಸಿ,
"ಚಾಚಾ, ನೋಡ್ರಿ. ಮೂರು ರಾತ್ರಿ ಕುಂತು ಮಾಡೀನಿ."

ಹಳೇ ನಾನೂರ ಏಳರ ಬೆನ್ನಿಗೆ ಹೊಸಾ ಕೊಂಡಿ.
ಕೆಂಪು ಬಣ್ಣ, ನಡುವ ಅರಿಷಿಣ, ಒಂದು ನಿಂಬಿಹಣ್ಣು.
ಎಳೀಬೇಕಾದ್ದು ಮಿಲ್ಲಿನ ಬಾಯ್ಲರ್: ಗುಂಡು ಹೊಟ್ಟಿ, ನಾಲ್ಕು ಟನ್,
ಹೊಟ್ಟು ತಿಂದು ತಿಂದು ಕರ್ರಗಾಗಿ ಗಾಲಿ ಮ್ಯಾಲ ಕುಂತದ್ದು.
ಕನಕಗಿರಿ ದಾರಿ, ಗುಡ್ಡದ ಏರು ಹತ್ತಿ ಇಳೀಬೇಕು.
ಬಾಡಿಗಿ ಹದಿನೆಂಟು ಸಾವಿರ.
ಅಡ್ವಾನ್ಸ್ ತಗೊಂಡಾನ. ಖರ್ಚೂ ಆಗೈತಿ.

"ಹತ್ತು ಮಂದಿ ಹತ್ತಿ ಕುಣದ್ರು ಚಾಚಾ, ಅಲುಗಲಿಲ್ಲ."
ಕುಣಿಯೋರು ಮ್ಯಾಲಿಂದ ಕೆಳಗ ಒತ್ತತಾರ, ತಮ್ಮಾ.
ಬಾಯ್ಲರ್ ಹಿಂದಕ್ಕ ಜಗ್ಗತೈತಿ.
ಇಳಿಜಾರಿನ್ಯಾಗ ಬ್ರೇಕ್ ತುಳದ್ಯೋ, ಮುಂದಕ್ಕ ಗುದ್ದತೈತಿ.
ಜಗ್ಗಿ ಗುದ್ದಿ, ಜಗ್ಗಿ ಗುದ್ದಿ,
ನಂಬಿಕಿ ಇಲ್ಲದ ಬೀಗರು ಮಾತಾಡಿದಂಗ.

ಮೊದಲು ಬಣ್ಣ ಕೆರದೆ.
ಬಣ್ಣ ಹಚ್ಚಿದ ಬೆಸಿಗಿ ಅಂದ್ರ ಮದಲಿಂಗನ ಜಾತಕ,
ಎಲ್ಲಾ ಗುಣ ಕೂಡತಾವ.
ಕೆಳಗ ಮಲಗಿ ನೋಡಿದೆ. ಸಾಲು ಚಲೋ ಬಿದ್ದೈತಿ,
ಜೋಳದ ತೆನಿಯಾಗ ಕಾಳು ಒತ್ತಿ ಕುಂತಂಗ.
ತೂತಿಲ್ಲ. ಅಂಚು ತಿಂದಿಲ್ಲ. ಸುತ್ತಿಗಿ ಬಡದೆ:
ಠಣ್ ಅಂತು, ಠಪ್ ಅನಲಿಲ್ಲ.
ಬೋಲ್ಟಿನ ತಲಿ ಮ್ಯಾಲ ಬೆರಳಾಡಿಸಿದೆ: ಎಂಟು, ಚುಕ್ಕಿ, ಎಂಟು.
ಖರೇ ಮಾಲು. ಗುಜರಿದಲ್ಲ.

ಹೊಟ್ಟಿಕಿಚ್ಚಾತು ಅಂದ್ರ ಸುಳ್ಳಲ್ಲ.
ಅವನ ವಯಸ್ಸಿನ್ಯಾಗ ನನ್ನ ಕೈ ಇಷ್ಟು ನೆಟ್ಟಗ ನಡೀತಿರಲಿಲ್ಲ.

ಆದ್ರೂ ಸೀಮಿಎಣ್ಣಿ ತಗದೆ.
ಒಳಮಗ್ಗಲಿಗೆ ಎಣ್ಣಿ ಬಳದು,
ಹೊರಮಗ್ಗಲಿಗೆ ಸೀಮಿಸುಣ್ಣ ತಿಕ್ಕಿದೆ, ಮೊಮ್ಮಗಳ ಸಾಲಿ ಚೀಲದ್ದು,
ಬೆಸಿಗಿ ದಾಟಿ ಒಂದು ಗೇಣು ಹೆಚ್ಚಿಗೇ.
"ಕೂಡು" ಅಂದೆ. "ಚಾ ಕುಡಿ.
ಕಬ್ಬಿಣ ಬಾಯಿ ಬಿಡಾಕ ಹೊತ್ತು ಬೇಕು."

ಅವನ ಫೋನು ಎರಡು ಸಲ ಹೊಡಕೊಂತು. ಎತ್ತಲಿಲ್ಲ.
ಮಿಲ್ಲಿನ ಬೂದಿ ಹಾರಿ ಬಂದು ಚಾದ ಮ್ಯಾಲ ಕುಂತಿತು.
"ಹೂಂ ಅನ್ರಿ ಚಾಚಾ. ಒಂದ ಮಾತು."

ಒಂದ ಮಾತು ಅಂದಿದ್ದೆ ಹಿಂದೊಮ್ಮೆ, ಮಸ್ಕಿ ಹತ್ರ,
ಯಾರದೋ ಟ್ರಾಲಿಗೆ, ಊಟದ ಹೊತ್ತಿನ್ಯಾಗ, ಕೈ ತೊಳಕೋಂತ:
"ಏನಾಗಂಗಿಲ್ಲ, ಹೋಗು."
ಹನ್ನೊಂದು ಕಿಲೋಮೀಟರಿಗೆ ಕೊಂಡಿ ಕಳಚಿ
ಟ್ರಾಲಿ ತಾನಾಗೇ ಬದಿಗೆ ಇಳದು
ಭತ್ತದ ಗದ್ದಿ ಕೆಸರಾಗ ಎಮ್ಮಿಯಂಗ ಕುಂತಿತು.
ಯಾರಿಗೂ ಏನೂ ಆಗಲಿಲ್ಲ.
ಅವ ನಕ್ಕೋಂತ ಬಂದು ಹೇಳಿ ಹ್ವಾದ.
ಆ ನಗಿ ಇವತ್ತಿಗೂ ನನ್ನ ಮಗ್ಗಲಾಗ ಮಲಗತೈತಿ.

ಚೇಳಿಗೂ ಕೊಂಡಿ ಇರೋದು ಹಿಂದೇ.
ಹೊಡಿಯೋ ತನಕ ಅದೂ ಬರೇ ಬಾಲ.

ಹೊತ್ತು ಏರಿತು. ಬಗ್ಗಿದಿವಿ ಇಬ್ರೂ.
ಬೆಸಿಗಿ ಮ್ಯಾಲ ಸುಣ್ಣ ಬೆಳ್ಳಗ, ಒಣಾ, ಹೊಸಾ ಗ್ವಾಡಿಯಂಗ.
ಅವ ಉಸಿರು ಬಿಟ್ಟ.
ನಾನು ಬಿಡಲಿಲ್ಲ. ನನ್ನ ಕಣ್ಣು ಆಚಿ ಕಡೆ ಹೋಗಿತ್ತು,
ಅವನ ಕೈ ಮುಟ್ಟದ ಜಾಗಕ್ಕ,
ಇಪ್ಪತ್ತಾರು ವರ್ಷದ ಹಿಂದಿನ ಚಾಸಿಗೆ.
ಕಂಪನಿಯವರೇ ಕೊರದ ತೂತಿನಿಂದ ಹೊರಟ ಒಂದು ಗೆರಿ,
ಕೂದಲೆಳಿಯಷ್ಟು, ಒದ್ದಿ,
ಅಕ್ಷರ ಕಲಿಯೋ ಕೂಸು ಬರದಂಗ ನಡುಗಿಕೋಂತ
ನಿಧಾನಕ್ಕ ಮ್ಯಾಲೇರಾಕ ಹತ್ತಿತ್ತು.

"ಹಂಗಾರ ನನ್ನ ಕೆಲಸ..."
"ನಿನ್ನ ಕೆಲಸ ಗಟ್ಟಿ ಐತಿ."
"ತಪ್ಪು ನಂದಲ್ಲ?"
"ನಿಂದಲ್ಲ. ಹೋಗಬ್ಯಾಡ."

ಫೋನು ಮೂರನೇ ಸಲ ಹೊಡಕೊಂತು. ಎತ್ತಿದ.
"ಹಲೋ, ಧಣಿ" ಅಂದ. ಮುಂದಿಂದು ಬರಲಿಲ್ಲ.
ಬರದ ಮಾತು ಹುಡುಕೋಂತ ಅವನ ಹೆಬ್ಬೆರಳು
ತಾನ ಹೋಗಿ ಆ ಗೆರಿ ಒರಸಿತು.

ನಾನು ಚೀಲದಿಂದ ಇನ್ನೊಂದು ತುಂಡು ಸುಣ್ಣ ತಗದು
ಅವನ ಕೈಯಾಗ ಇಟ್ಟೆ.