ಗುಳ್ಳೆ ಬರಬಾರದು

ಮೊದಲು ಕೈ ತೊಳೆಯಬೇಕು, ಒರೆಸಬೇಕು.
ಮೇಜಿನ ಮೇಲೆ ಕನ್ನಡಿ ಅಂಗಾತ.
ಮೂರು ಬೆರಳ ತುದಿಯಲ್ಲಿ ಪುಟ್ಟ ಬಟ್ಟಲು,
ಕೂಸಿಗೆ ಔಷಧಿ ಹಾಕುವ ಒಳಲೆಗಿಂತ ಎಷ್ಟೋ ಚಿಕ್ಕದು,
ಅದರ ತುಂಬ, ತುಳುಕುವಷ್ಟು, ಉಪ್ಪುನೀರು.
ಬಾವಿ ಇಣುಕುವವನ ಹಾಗೆ ಬಗ್ಗಿ
ರೆಪ್ಪೆ ಎರಡೂ ಅಗಲಿಸಿ ಹಿಡಿದು
ಕಣ್ಣನ್ನೇ ಬಟ್ಟಲಿಗೆ ಇಳಿಸುವುದು.

ಗುಳ್ಳೆ ಬಂದರೆ ತೆಗಿ, ಮತ್ತೆ ಮೊದಲಿಂದ.

ಹದಿನಾಲ್ಕು ವರ್ಷದಿಂದ ದುರ್ಗದಲ್ಲಿ ಪಿಗ್ಮಿ ಎತ್ತುತ್ತೇನೆ.
ಸಂತೇಪೇಟೆಯಿಂದ ಹೊಳಲ್ಕೆರೆ ರಸ್ತೆ ತನಕ
ಇಪ್ಪತ್ತು, ಐವತ್ತು,
ಯಾರೋ ಒಬ್ಬ ದೊಡ್ಡ ಮನುಷ್ಯ ಇನ್ನೂರು.
ಮೂರು ಎಂಟಾಗತೊಡಗಿದ್ದು ಯಾವಾಗ, ಹೇಳಲಾರೆ.
ಜೋಗಿಮಟ್ಟಿ ಕಡೆಯ ಗಾಳಿಯಂತ್ರಕ್ಕೆ ಮೂರೇ ರೆಕ್ಕೆಯಂತೆ,
ನನಗೆ ಹನ್ನೊಂದು.
ಬೀದಿದೀಪಕ್ಕೆ ಬಾಲ ಬಂತು.
ಚೌತಿ ಚಂದ್ರನ್ನ ಒಂದು ಸಲ ನೋಡಿದರೇ ಅಪವಾದ,
ನಾನು ಒಂದೇ ಸಲಕ್ಕೆ ಆರು ನೋಡಿದೆ.
ಲೆಕ್ಕ ತಪ್ಪಿತು. ಎರಡು ಸಲ ಕೈಯಿಂದ ಕಟ್ಟಿದೆ.
ಆಮೇಲೆ ತಾನಾಗಿ ಸರಿಹೋಯಿತು,
ನನ್ನ ಜಾಣತನ ಅಂದುಕೊಂಡೆ.

ಸುಮಯ್ಯಾ ಮೇಡಂ ಮೆಶಿನ್ನಿಗೆ ಗದ್ದ ಊರಿಸಿದರು.
ಕಣ್ಣ ಮೇಲೆ ಬೆಳಕಿನ ಬಳೆ, ಒಂದರೊಳಗೊಂದು.
"ಏಳು ಸುತ್ತಾ ಮೇಡಂ?"
"ಜಾಸ್ತಿನೇ ಇವೆ. ನಿಮ್ಮ ಕೋಟೆ ಕೆಳಗಡೆ ಜರುಗಿದೆ ನೋಡ್ರಿ."
ಪರದೆಯಲ್ಲಿ ನೀಲಿ ಬಯಲು, ಹಸಿರು ಇಳಿಜಾರು,
ಒಂದು ಮೂಲೆಯಲ್ಲಿ ಕೆಂಪಗೆ ಗುಡ್ಡ.
ಗುಡ್ಡ ಹತ್ತಿ ಬೆಳೆದವನಿಗೆ ಗುಡ್ಡ ತೋರಿಸಿ
ಇದೇ ನಿಮ್ಮ ಕಾಯಿಲೆ ಅಂದರೆ ನಗದೆ ಏನು ಮಾಡಲಿ.
"ಕಣ್ಣು ಉಜ್ಜತೀರಾ?"
ಈ ಧೂಳಲ್ಲಿ ಉಜ್ಜದವರು ಯಾರು.

ಗುಡ್ಡ ಕಡಿಯೋದು ಬೇಡ, ಅಂದರು,
ಅದರ ಮೇಲೆ ನೀರು ನಿಲ್ಲಿಸೋಣ.
ಕೆರೆ ತುಂಬಿದರೆ ಮೇಲ್ಮೈ ಸಮ, ತಳ ಹೇಗಿದ್ದರೇನು.
ಲೆನ್ಸು ಗುಡ್ಡ ಮುಟ್ಟೋದಿಲ್ಲ,
ಸುತ್ತಲಿನ ಬಿಳಿಯ ಮೇಲೆ ಕೂರುತ್ತೆ.

ದರ ಕೇಳಿ ಸುಮ್ಮನೆ ಎದ್ದು ಬಂದೆ.
ಮರುದಿನ ಪುಸ್ತಕದ ಕೊನೇ ಹಾಳೆಗೆ ನನ್ನದೇ ಹೆಸರು:
ಓ. ಮಾರುತೇಶ, ದಿನಕ್ಕೆ ಎಂಬತ್ತು.
ಎಡಜೇಬಿಂದ ತೆಗೆದು ಬಲಗೈಗೆ ಕೊಟ್ಟು
ನನಗೆ ನಾನೇ ರಸೀದಿ ಹರಿದುಕೊಂಡೆ
ಹದಿನೇಳು ತಿಂಗಳು.

ಹಾಕಿದ ದಿನ ಆಸ್ಪತ್ರೆ ಮುಂದಿನ ಬೇವು ನೋಡಿದೆ,
ಎಲೆಯಂಚಿಗೆ ಗರಗಸದ ಹಲ್ಲು.
ಹೂವಿನ ದುರುಗಮ್ಮನ ಗದ್ದದಲ್ಲಿ ಹಚ್ಚೆ, ಮೂರು ಚುಕ್ಕೆ.
ಮೂರೇ.
ಅವಳು ಎಂದಿನಂತೆ ಕೂಗಿದಳು:
"ನಲವತ್ತೈತೆ ನೋಡಪ್ಪ, ಎಲ್ಡು ಇಪ್ಪತ್ತು",
ಒಂದೊಂದೇ ನೋಟು ಅಂಗೈಗೆ ಒತ್ತಿ.
ಪಕ್ಕದಲ್ಲೇ ನಿಂತ ಗಿರಾಕಿಗೆ ಚಿಲ್ಲರೆ ಕೊಡುವಾಗ
ಅವಳು ತುಟಿ ಬಿಚ್ಚಲಿಲ್ಲ.
ಸೈಕಲ್ ಶಾಪಿನ ದಾದಾಪೀರ್
ಅಂಕಿ ಜೊತೆ ಅಕ್ಷರದಲ್ಲೂ ಬರಿ ಅನ್ನುತ್ತಿದ್ದ,
ನನ್ನ ಮೇಲೆ ನಂಬಿಕೆಯಿಲ್ಲ ಅಂದುಕೊಂಡಿದ್ದೆ.

ರಾತ್ರಿ ಹಳೇ ಪುಸ್ತಕ ಬಿಚ್ಚಿದೆ.
ನನ್ನ ಎಂಟುಗಳ ಪಕ್ಕ, ಪೆನ್ಸಿಲಲ್ಲಿ, ಇರುವೆಯಷ್ಟು,
ಮೂರು.
ಕ್ಯಾಶ್ ಕೌಂಟರಿನ ಹಾಲಮ್ಮನವರ ಕೈ.
ಹಾಳೆ ಹಾಳೆಗೂ.
ಮೂರು ವರ್ಷ ನಾನು ಮುಚ್ಚಿಟ್ಟಿದ್ದನ್ನು
ಊರು ನನ್ನಿಂದ ಮುಚ್ಚಿಟ್ಟಿತ್ತು.

ಲೆನ್ಸಿನ ಒಳಗಿರುವುದು ಮೊದಲೇ ಉಪ್ಪುನೀರು,
ಹೊರಗೂ ಬಂದರೆ ಏನು ಮಾಡಬೇಕು
ಮೇಡಂ ಹೇಳಿಕೊಟ್ಟಿರಲಿಲ್ಲ.

ಬೆಳಗ್ಗೆ ಗುಳ್ಳೆ ಬಂತು. ತೆಗೆದೆ. ಮತ್ತೆ ಬಂತು.
ಮೂರನೇ ಸಲ ಕೂತಿತು.
ದುರುಗಮ್ಮನ ಮುಂದೆ ನಿಂತು
ಕಾಣುತ್ತದೆ ಅಂತ ಹೇಗೆ ಹೇಳುವುದು ತೋಚದೆ
ಕೈ ಚಾಚಿದೆ.
"ನಲವತ್ತೈತೆ" ಅಂತ ಕೂಗಿದಳು.
"ನಲವತ್ತು" ಅಂತ ನಾನೂ ಕೂಗಿದೆ.